ಎಡಸುರುಳಿಯ ಮೊಮ್ಮಕ್ಕಳು

ಹತ್ತೊಂಬತ್ತು ವರ್ಷದಿಂದ ನಾನು ಬಸವನಹುಳುಗಳ ಆಯಾ. ಕಾಗದದಲ್ಲಿ 'ಪ್ರಯೋಗಾಲಯ ಸಹಾಯಕಿ' ಎಂದಿದೆ, ಬಿಡಿ. ನೂರಾ ಹನ್ನೆರಡು ಗಾಜಿನ ತೊಟ್ಟಿಗಳ ನೀರು ಬದಲಿಸುವುದು, ಸೊಪ್ಪು ಹಾಕುವುದು, ಸತ್ತವನ್ನು ಎತ್ತುವುದು ಎಲ್ಲ ನನ್ನದೇ. ಪಕ್ಕದ ಕೋಣೆಯಲ್ಲಿ ನಮ್ಮ ಮನೆ ಯಜಮಾನರು, ಹೆದರಿದರೆ ಚೆಂಡಿನಂತೆ ಊದಿಕೊಳ್ಳುವ ಉಬ್ಬುಮೀನು ಸಾಕುತ್ತಾರೆ. ಆ ಮೀನಿಗೆ ಹಲ್ಲೆಲ್ಲ ಕೂಡಿಕೊಂಡು ಕೊಕ್ಕಿನಂತಾಗಿದೆ. ಅದು ಹೇಗಾಯಿತೆಂದು ಅಲ್ಲಿನ ಸಂಶೋಧಕರು ತಲೆ ಕೆಡಿಸಿಕೊಂಡಿದ್ದಾರೆ. ಮೀನು ಮಾತ್ರ ನಿಶ್ಚಿಂತೆಯಾಗಿ ನನ್ನ ಹುಳುಗಳನ್ನು ಕಟಕಟ ಕಡಿಯುತ್ತದೆ. ನಮಗೆ ಬೇಡವಾದ ಹುಳು ಅದರ ಹೊಟ್ಟೆಗೆ ಹೋಗುವುದು ಇಲ್ಲಿಯ ಪದ್ಧತಿ.

ನಮ್ಮ ಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುತ್ತದೆ, ಅಪರೂಪಕ್ಕೊಂದು ಎಡಕ್ಕೆ. ಆ ಎಡಸುರುಳಿಯ ಬೆನ್ನು ಹತ್ತಿದವಳು ನಮ್ಮ ಡಾಕ್ಟ್ರಮ್ಮ. ಇನ್ನೂ ಡಾಕ್ಟರಾಗಿಲ್ಲ. ನಾಲ್ಕು ವರ್ಷದಿಂದ ಪ್ರಬಂಧ ಬರೆಯುತ್ತಲೇ ಇದ್ದಾಳೆ, ಅದಕ್ಕೇ ಹಾಗೆ ಕರೆದು ರೇಗಿಸುವುದು. ನೀರು ಬಿಸಿಮಾಡುವ ಯಂತ್ರ ಕೆಟ್ಟು ಅವಳ ಎಡಸುರುಳಿಗಳೆಲ್ಲ ಸತ್ತು ಒಂದೇ ಒಂದು ಉಳಿಯಿತು. ಅದು ಒಂಟಿಯಾಗಿಯೇ ಮೊಟ್ಟೆಯಿಟ್ಟು ಕಣ್ಣು ಮುಚ್ಚಿತು. ಈ ಜಾತಿಯಲ್ಲಿ ಒಂದೇ ಜೀವ ಹೆಣ್ಣೂ ಹೌದು, ಗಂಡೂ ಹೌದು. ಯಜಮಾನರ ಹಂಗೇ ಇಲ್ಲ. ಎಂಥ ಪುಣ್ಯ!

ಮೊಟ್ಟೆಯೊಡೆಯುವ ಹೊತ್ತಿಗೆ ಡಾಕ್ಟ್ರಮ್ಮ ಮೂರು ವಾರ ತರಬೇತಿಗೆ ಹೋಗಿದ್ದಳು. ಸೋಮವಾರ ತೊಟ್ಟಿ ನೋಡುತ್ತೇನೆ, ನಲವತ್ತೊಂದು ಮರಿ, ಎಲ್ಲವೂ ಬಲಸುರುಳಿ! ಸೊಪ್ಪಿನ ಜೊತೆ ಹೊರಗಿನ ಹುಳು ನುಸುಳುವುದುಂಟು. ಹಾಗಾಗಿ ಎಡದ ತೊಟ್ಟಿಯಲ್ಲಿ ಬಲದ್ದು ಕಂಡರೆ ಎತ್ತಿಹಾಕಬೇಕೆಂಬುದು ನಮ್ಮ ಸೋಮವಾರದ ನಿಯಮ. ಭೂತಗನ್ನಡಿ ಹಿಡಿದು ಒಂದೊಂದನ್ನೇ ಹೆಕ್ಕಿ, ಡಬ್ಬಿಗೆ ತುಂಬಿ, ಯಜಮಾನರ ಕೈಗಿಟ್ಟೆ. ನನ್ನ ಅಚ್ಚುಕಟ್ಟಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಬುಧವಾರ ಅವಳು ಬಂದಳು.

"ಅಕ್ಕಾ, ಮರಿಗಳೆಲ್ಲಿ?"

"ಎಲ್ಲಾ ಬಲದ್ದೇ ಕಣೇ. ತೆಗೆದುಹಾಕ್ದೆ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ.

"ಚಿಪ್ಪು ಯಾವ ಕಡೆ ಸುತ್ತಬೇಕು ಅನ್ನೋದು ಮರಿ ಕೈಲಿಲ್ಲ ಅಕ್ಕಾ. ತಾಯಿ ಮೊಟ್ಟೆ ಒಳಗೇ ಹೇಳಿ ಕಳಿಸ್ತಾಳೆ. ಈ ತಾಯಿ ಎಡ ಆಗಿದ್ದು ಇದರ ತಾಯಿ ಹೇಳಿದ್ದಕ್ಕೆ. ಇದರ ಒಳಗೆ ಎಡ, ಬಲ ಎರಡೂ ಗುಣ ಇತ್ತು, ಬಲದ್ದೇ ಜೋರು. ಅದಕ್ಕೇ ಮರಿಗಳೆಲ್ಲಾ ಬಲ. ಆದ್ರೆ ನಾಲ್ಕರಲ್ಲಿ ಒಂದು ಮರಿಗೆ ಬರೀ ಎಡದ ಗುಣಾನೇ ಬಂದಿರುತ್ತೆ. ಅದು ಗೊತ್ತಾಗೋದು ಆ ಮರಿ ಮಕ್ಕಳನ್ನ ನೋಡಿದಾಗ."

"ಅಂದ್ರೆ, ಮೊಮ್ಮಕ್ಕಳು ಹುಟ್ಟೋ ತನಕ ಕಾಯ್ಬೇಕಿತ್ತಾ?"

"ಹೂಂ."

"ಅಯ್ಯೋ ಪುಣ್ಯಾತ್ಗಿತ್ತಿ! ಹೋಗೋ ಮುಂಚೆ ಇಷ್ಟು ಹೇಳೋಕೆ ಬಾಯಿಗೇನಾಗಿತ್ತು ನಿಂಗೆ?"

"ನಿಮಗೆ ಗೊತ್ತಿರುತ್ತೆ ಅನ್ಕೊಂಡೆ. ನಿಮಗೆ ಎಲ್ಲಾ ಗೊತ್ತಲ್ವಾ?"

ಇಷ್ಟು ವರ್ಷ ಎಲ್ಲ ಬಲ್ಲವಳಂತೆ ಮೆರೆದದ್ದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು. ಎದ್ದೆನೋ ಬಿದ್ದೆನೋ ಎಂದು ಪಕ್ಕದ ಕೋಣೆಗೆ ಓಡಿದೆ.

"ರೀ, ಸೋಮವಾರದ ಡಬ್ಬಿ ಎಲ್ರೀ?"

"ಮೀನಿಗೆ ಹಾಕ್ದೆ. ಎಷ್ಟು ಸಣ್ಣ ಹುಳು ಕೊಡ್ತೀಯೇ, ಅದಕ್ಕೆ ಯಾವ ಮೂಲೆಗೂ ಸಾಲಲ್ಲ."

"ಎಲ್ಲಾನೂ ಹಾಕ್ಬಿಟ್ರಾ?"

"ಎಂಟು ಉಳಿದಿದೆ. ಚಿಕ್ಕ ಮೀನು ಮುನಿಸ್ಕೊಂಡು ಊಟ ಬಿಟ್ಟಿದೆ, ಥೇಟ್ ನಿನ್ನ ಹಾಗೆ."

ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಮಾತಿಗೆ ಜಗಳ ತೆಗೆಯದೆ ನಾನು ಬಂದದ್ದು ಅದೇ ಮೊದಲು.

ವಿಭಾಗದ ದೊಡ್ಡ ಮೇಷ್ಟ್ರ ಮುಂದೆ ಡಾಕ್ಟ್ರಮ್ಮ, "ತಪ್ಪು ನಂದು ಸರ್, ನಾನು ಹೇಳಿ ಹೋಗ್ಬೇಕಿತ್ತು" ಎಂದಳು. "ಅವಳ ಮಾತು ಕೇಳ್ಬೇಡಿ ಸರ್, ಎತ್ತಿಹಾಕಿದ್ದು ನಾನು" ಎಂದೆ. ಅವರು ಇಬ್ಬರನ್ನೂ ನೋಡಿ ನಿಟ್ಟುಸಿರುಬಿಟ್ಟರು. "ನಾಲ್ಕು ತಿಂಗಳು ಕೊಡ್ತೀನಿ. ಅಷ್ಟರಲ್ಲಿ ಎಡದ್ದು ಸಿಗದಿದ್ರೆ ಈ ಕೆಲಸ ಮುಚ್ಚಿ, ಬೇರೆ ವಿಷಯ ತಗೊಂಡು ಮೊದಲಿಂದ ಶುರುಮಾಡಮ್ಮಾ." ಅಂದರೆ ಅವಳ ನಾಲ್ಕು ವರ್ಷ ನೀರುಪಾಲು, ಅದೂ ನನ್ನ ಕೈಯಾರೆ.

ಎಂಟಕ್ಕೂ ಎಂಟು ಗಾಜಿನ ಜಾಡಿ ಕೊಟ್ಟೆ. ಎಳೆಸೊಪ್ಪೆಲ್ಲ ಅವಕ್ಕೇ. ಮೂರು ತಿಂಗಳು ಕಳೆದ ಮೇಲೆ ಒಂದೊಂದಾಗಿ ಮೊಟ್ಟೆಯಿಟ್ಟವು. ಒಂದು ಬಲ, ಎರಡು ಬಲ, ಏಳೂ ಬಲ. ಎಂಟನೆಯದು ಸೊಪ್ಪು ತಿನ್ನುವುದರಲ್ಲಿ ಎತ್ತಿದ ಕೈ, ಮೊಟ್ಟೆಯ ಮಾತೇ ಇಲ್ಲ. "ನಿಂಗೇನು ಕೈಮುಗಿದು ಹೇಳ್ಬೇಕೇನೇ?" ಎಂದು ದಿನಾ ಬೈಯುತ್ತಿದ್ದೆ. ಕೊನೆಗೆ ನಿಜವಾಗಿಯೂ ಕೈಮುಗಿದೆ.

ಗಡುವಿನ ಕೊನೆಯ ದಿನ ಬೆಳಿಗ್ಗೆ ಆ ಜಾಡಿಯ ಗಾಜಿಗೆ ಲೋಳೆಯಂಥ ಮೊಟ್ಟೆಯ ಗೊಂಚಲು ಅಂಟಿತ್ತು. ಚಿಪ್ಪು ಬರುವ ತನಕ ಕಾಯಬೇಕಿಲ್ಲ; ಮೊಟ್ಟೆಯೊಳಗಿನ ನಾಲ್ಕು ಕೋಶ ಎಂಟಾಗುವಾಗ ಮೇಲಿನ ಪುಟ್ಟ ನಾಲ್ಕು ಯಾವ ಕಡೆ ಹೊರಳುತ್ತವೋ ಚಿಪ್ಪೂ ಆ ಕಡೆಗೇ ಎಂದು ಡಾಕ್ಟ್ರಮ್ಮ ಹೇಳಿದ್ದಳು. ಮೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟವಳು ಮುಖ ತಿರುಗಿಸಿ ನಿಂತಳು.

"ನನ್ ಕೈಲಾಗಲ್ಲ. ಅಕ್ಕಾ, ನೀವೇ ನೋಡಿ."

ದಿನವೂ ಒರೆಸುವ ಯಂತ್ರ, ಒಳಗೆ ಇಣುಕಿದ್ದು ಅದೇ ಮೊದಲು. ನಾಲ್ಕು ದುಂಡು ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕಣ್ಣು ಉರಿಯಿತು, ಕುತ್ತಿಗೆ ಹಿಡಿಯಿತು, ನಾನು ಅಲುಗಲಿಲ್ಲ. ಆಮೇಲೆ ಅವುಗಳ ನೆತ್ತಿಯ ಮೇಲೆ ಪುಟ್ಟ ನಾಲ್ಕು ಮೂಡಿದವು. ಗಡಿಯಾರದ ಮುಳ್ಳಿಗೆ ಎದುರಾಗಿ, ನಿಧಾನವಾಗಿ, ಹೊರಳಿದವು.

"ಎಡಕ್ಕೆ ಕಣೇ!" ಎಂದು ಕೂಗಿದೆ.

ಅವಳು ಇಣುಕಿದಳು. ನೋಡುತ್ತ ನೋಡುತ್ತಲೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಏಯ್, ದೂರ ಹೋಗಿ ಅಳೇ! ಉಪ್ಪುನೀರು ಬಿದ್ರೆ ಮೊಟ್ಟೆ ಸತ್ತೋಗುತ್ತೆ" ಎಂದು ಗದರಿದೆ. ಗದರಿ, ಮೇಜು ಬಿಟ್ಟು ನಾನೂ ದೂರ ಹೋಗಿ ನಿಂತೆ.