ಗೋಡೆಗೆ ಒಂದೇ ವೈರು

ನಾನು ಒಂದು ರೂಟರ್. ಬೆನ್ನ ಹಿಂದೆ ಎರಡು ಕೋಡುಗಳಿರುವ ಕರಿ ಡಬ್ಬಿ. ವೈರಿನಲ್ಲಿ ಬಂದ ಇಂಟರ್‌ನೆಟ್ಟನ್ನು ಮನೆಯ ಗಾಳಿಯಲ್ಲಿ ಹಂಚುವುದು ನನ್ನ ಕೆಲಸ. ಹುಟ್ಟಿದ್ದು ಯಾವ ಊರಿನಲ್ಲೋ ತಿಳಿಯದು. ನೀಲಿ ಟೋಪಿ ತೊಟ್ಟ ಹೆಂಗಸೊಬ್ಬಳು ನನ್ನ ಹೊಟ್ಟೆ ಮುಚ್ಚಿ ಸ್ಕ್ರೂ ತಿರುಗಿಸಿ ಕರೆಂಟು ಕೊಟ್ಟಳು. ಹಸಿರು ದೀಪ ಹತ್ತಿತು. ಲೋಕವನ್ನು ಕಣ್ತುಂಬ ನೋಡುವ ಮೊದಲೇ ದೀಪ ಆರಿಸಿ ಡಬ್ಬಿಯೊಳಗೆ ಹಾಕಿಬಿಟ್ಟಳು.

ಮತ್ತೆ ಕಣ್ಣು ಬಿಟ್ಟದ್ದು ಗದಗಿನ ಒಂದು ಕಲ್ಯಾಣ ಮಂಟಪದ ಆಫೀಸಿನಲ್ಲಿ. ಬೀಗರು, ಅಡಿಗೆಯವರು, ಬ್ಯಾಂಡಿನವರು, ಎಲ್ಲರಿಗೂ ನಾನೇ ಬೇಕು. "ಪಾಸ್‌ವರ್ಡ್ ಏನ್ರೀ?" ಎಂಬ ಪ್ರಶ್ನೆ ತಾಳಿ ಕಟ್ಟುವ ಹೊತ್ತಿನಲ್ಲೂ ನಿಲ್ಲುತ್ತಿರಲಿಲ್ಲ. ಒಂದು ದಿನ ಮಾಲೀಕರು ಮಂಟಪಕ್ಕೆ ಬೀಗ ಹಾಕಿದರು. ಇಂಟರ್‌ನೆಟ್ ಕಂಪನಿಯ ಇಮ್ತಿಯಾಜ್ ಬಂದು ನನ್ನನ್ನು ಬಿಚ್ಚಿ ಒಯ್ದ. ಒದ್ದೆ ಬಟ್ಟೆಯಿಂದ ಮೈ ಒರೆಸಿ ಹೊಸ ಡಬ್ಬಿಯಲ್ಲಿಟ್ಟು, ಮೇಲೆ ಹೊಳೆಯುವ ಚೀಟಿ ಅಂಟಿಸಿದ. ಮುಂದಿನ ಮನೆಯಲ್ಲಿ ಡಬ್ಬಿ ಒಡೆಯುತ್ತ, "ಕೋರಾ ಪೀಸ್ ಐತ್ರಿ, ಯಾರ ಕೈನೂ ಹತ್ತಿಲ್ಲ" ಎಂದ. ಅದನ್ನು ಕೇಳಿ ನಾನೇ ದಂಗಾದೆ.

ಆ ಮನೆ ಬೆಟಗೇರಿಯ ಒಂದು ವಠಾರದಲ್ಲಿತ್ತು. ಹಳೆಯ ಹತ್ತಿ ಗೋದಾಮಿನ ಬೆನ್ನಿಗೆ ಅಂಟಿಕೊಂಡಿದ್ದರಿಂದ ಒಳಗೆ ಮೊಬೈಲ್ ಸಿಗ್ನಲ್ ಸುಳಿಯುತ್ತಿರಲಿಲ್ಲ. ಮನೆಯಲ್ಲಿ ಇಬ್ಬರೇ. ಅತ್ತೆ ಬಾಳವ್ವ, ಸೊಸೆ ದಾಕ್ಷಾಯಣಿ. ದಾಕ್ಷಾಯಣಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುವವಳು ಅವಳೇ. ಗಂಡ ಚನ್ನವೀರ ಕೊಲ್ಲಾಪುರದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಅವನಿಗೂ ಕಿವಿ ಕೇಳಿಸದು.

ನನ್ನನ್ನು ಟಿವಿಯ ಕೆಳಗಿನ ಮಣೆಯ ಮೇಲೆ ಇಟ್ಟರು. ಅಲ್ಲಿಂದ ಬಾಳವ್ವನ ಬಿರುಕು ಬಿಟ್ಟ ಹಿಮ್ಮಡಿ, ಹೊಲಿಗೆ ಮಷಿನ್ನಿನ ಪೆಡಲು ತುಳಿಯುವ ದಾಕ್ಷಾಯಣಿಯ ಪಾದ, ಇಷ್ಟು ಚೆನ್ನಾಗಿ ಕಾಣುತ್ತಿತ್ತು. ಸಂಜೆಯಾದರೆ ದಾಕ್ಷಾಯಣಿ ಮಷಿನ್ನಿಗೆ ಮೊಬೈಲು ಒರಗಿಸಿ ಗಂಡನಿಗೆ ವಿಡಿಯೋ ಕಾಲ್ ಮಾಡುವಳು. ಪರದೆಯ ತುಂಬ ಅವನು, ಮೂಲೆಯ ಸಣ್ಣ ಚೌಕದಲ್ಲಿ ಇವಳು; ನಾಲ್ಕು ಕೈ ಗಾಳಿಯಲ್ಲಿ ಹಾರಾಡುವವು. ಆ ಕೈಗಳೆಲ್ಲ ನನ್ನೊಳಗಿನಿಂದಲೇ ಹಾದುಹೋಗುತ್ತಿದ್ದುದರಿಂದ ಆ ಭಾಷೆ ನನಗೂ ಬಂತು.

ಬಾಳವ್ವನಿಗೆ ಮಾತ್ರ ಅದು ಬಾರದು ಎಂದೇ ಇಬ್ಬರೂ ತಿಳಿದಿದ್ದರು. ಅದು ಚನ್ನವೀರ ಕಿವುಡರ ಶಾಲೆಯಲ್ಲಿ ಕಲಿತ ಭಾಷೆ. ಮಗನೊಂದಿಗೆ ತಾಯಿಗೆ ಇದ್ದದ್ದು ಉಣ್ಣು, ಮಲಗು, ಬಾ, ಹೋಗು ಎಂಬ ಒರಟು ಸನ್ನೆಗಳಷ್ಟೇ. ಅವಳ ಲೋಕವೆಂದರೆ ಕೇಬಲ್ ವಿರೂಪಣ್ಣನ ವೈರಿನಲ್ಲಿ ಬರುವ ಧಾರಾವಾಹಿಗಳು. ಸೊಸೆಯ ಬೆನ್ನ ಹಿಂದೆ ಕುಳಿತು ಟಿವಿ ದೊಡ್ಡದಾಗಿ ಹಾಕಿಕೊಳ್ಳುವಳು. ಹಾಗಾಗಿ ಗಂಡ ಹೆಂಡತಿ ಅವಳ ಎದುರೇ ಅವಳನ್ನು ಆಡಿಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಸುರಿಯುತ್ತಾಳೆ, ಗೊರಕೆಗೆ ಗೋಡೆಯೇ ನಡುಗುತ್ತದೆ, ಹೀಗೆ ಏನೇನೋ. ಗೊರಕೆಯ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಅಚ್ಚರಿ. ಹಾಸಿಗೆ ಅದುರುತ್ತಿತ್ತಂತೆ.

ಒಂದು ಮಧ್ಯಾಹ್ನ ತೆರೆದ ಬಾಗಿಲಿನಾಚೆ, ವಠಾರದ ಮುಂದಿನ ಕಂಬದಲ್ಲಿ ಢಬ್ ಎಂದು ಕಿಡಿ ಹಾರಿತು. ಹಾವುಗಳ ಹಾಗೆ ಹೆಣೆದುಕೊಂಡಿದ್ದ ವೈರುಗಳ ಗಂಟಿಗೇ ಬೆಂಕಿ. ಉರಿಯುವ ತುಂಡೊಂದು ಕೆಳಗೆ ಬಿದ್ದು ಒಣಹಾಕಿದ್ದ ಸೀರೆಗೆ ಹತ್ತಿಕೊಂಡಿತು. ಜನ ಚೀರಿಕೊಂಡು ಓಡಿದರು. ಸೀರೆಯ ಪಕ್ಕದಲ್ಲೇ, ಆಚೆಗೆ ಮುಖ ಮಾಡಿ ಬಟ್ಟೆ ಹಿಂಡುತ್ತಿದ್ದ ದಾಕ್ಷಾಯಣಿಗೆ ಏನೂ ಕೇಳಿಸಲಿಲ್ಲ. ಬಾಳವ್ವ ಹೊಸ್ತಿಲು ಹಾರಿ ಹೋಗಿ ಸೊಸೆಯ ಜಡೆ ಹಿಡಿದು ಎಳೆದಳು. ದಾಕ್ಷಾಯಣಿ ತಿರುಗಿ ನೋಡಿದಾಗ ಅವಳು ನಿಂತಿದ್ದ ಜಾಗದಲ್ಲಿ ಜ್ವಾಲೆ ಎದ್ದಿತ್ತು.

ಮರುದಿನ, ಸುಟ್ಟ ವೈರುಗಳಿಗೆ ಹೇಗೋ ತೇಪೆ ಹಾಕಿದ ಮೇಲೆ, ಮನೆ ಮಾಲೀಕ ಅಂದಾನಪ್ಪ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ. "ಇನ್ನ ಮ್ಯಾಲೆ ಮನಿಗೆ ಒಂದ ವೈರು. ಗ್ವಾಡಿಗೆ ಒಂದ ತೂತು. ಮಾಳಿಗಿ ಮ್ಯಾಲೆ ಡಿಶ್ಶಿನ ಛತ್ರಿ ಗಿತ್ರಿ ಹಚ್ಚೂದು ಬ್ಯಾಡ, ಸೋರತೈತಿ. ಟಿವಿ ಬೇಕೋ, ಇಂಟರ್‌ನೆಟ್ ಬೇಕೋ, ನಾಳೆ ಮುಂಜಾನಿ ಹೇಳ್ರಿ."

ಸುದ್ದಿ ಹಬ್ಬಿ ವಿರೂಪಣ್ಣ ಅಂದೇ ಓಡಿ ಬಂದ. "ಯವ್ವಾ, ನನ್ನ ವೈರಿನಾಗ ಎರಡೂ ಬರ್ತಾವು. ಟಿವಿನೂ ಐತಿ, ನೆಟ್ಟೂ ಐತಿ." ತನ್ನ ನೆಟ್ಟು ಎಂಥದೆಂದು ತೋರಿಸಿಯೂ ಬಿಟ್ಟ. ಕೊಲ್ಲಾಪುರಕ್ಕೆ ಕಾಲ್ ಹೋಯಿತು, ಚನ್ನವೀರನ ಮುಖ ಬಂತು, ಕೈ ಎತ್ತಿದ, ಎತ್ತಿದ ಕೈ ಹಾಗೇ ಕಲ್ಲಾಯಿತು. ಕಿವಿ ಕೇಳುವವರಿಗಾದರೆ ಚಿತ್ರ ನಿಂತರೂ ದನಿ ಬರುತ್ತದೆ. ಇವರಿಗೆ ಬೆರಳು ನಿಂತರೆ ಮಾತೇ ನಿಂತಿತು. ದಾಕ್ಷಾಯಣಿಯ ಮುಖ ಬಿಳಿಚಿಕೊಂಡಿತು. ನಮ್ಮ ಇಮ್ತಿಯಾಜ್ ಬಂದು, "ನಮ್ಮಲ್ಲಿ ಟಿವಿ ಬರೂದಿಲ್ರಿ, ನೆಟ್ಟಷ್ಟ" ಎಂದು ಸತ್ಯವನ್ನೇ ಹೇಳಿಬಿಟ್ಟ. ಸುಳ್ಳು ಹೇಳಬೇಕಾದ ಕಡೆ ಹೇಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಆ ಸಂಜೆ ನನ್ನ ಮೂಲಕವೇ ಕಾಲ್ ಹೋಯಿತು. ದಾಕ್ಷಾಯಣಿ ಕೈ ಎತ್ತಿ ಗಂಡನಿಗೆ ಹೇಳತೊಡಗಿದಳು. 'ಮನೆಗೆ ಹಿರಿಯಳು ನಿನ್ನ ತಾಯಿ. ಅವಳು ಟಿವಿಯನ್ನೇ ಆಯ್ದುಕೊಳ್ಳುತ್ತಾಳೆ. ನೀನು ನನ್ನ ಜೊತೆ ಮಾತಾಡಿದರೇನು, ಬಿಟ್ಟರೇನು, ಅವಳಿಗೆ ಏನೂ ಅನ್ನಿಸುವುದಿಲ್ಲ. ಅವಳು ಕಲ್ಲು.' ಎದೆಯ ಮುಂದೆ ಮುಷ್ಟಿಗೆ ಮುಷ್ಟಿ ಬಡಿದು 'ಕಲ್ಲು' ಎಂದಳು. ಚನ್ನವೀರ ತಲೆ ತಗ್ಗಿಸಿದ. ಟಿವಿ ಅಬ್ಬರಿಸುತ್ತಿತ್ತು. ಬಾಳವ್ವ ಅಲುಗದೆ ಕುಳಿತಿದ್ದಳು.

ಬೆಳಿಗ್ಗೆ ಅಂದಾನಪ್ಪ, ವಿರೂಪಣ್ಣ, ಇಮ್ತಿಯಾಜ್ ಮೂವರೂ ಬಾಗಿಲಲ್ಲಿ ನಿಂತರು. ದಾಕ್ಷಾಯಣಿ ಮೂಲೆಯಲ್ಲಿ ನಿಂತು ಅವರ ತುಟಿಗಳನ್ನೇ ನೋಡುತ್ತಿದ್ದಳು.

"ಏನ್ ಮಾಡಿದಿ ಯವ್ವಾ?" ಎಂದ ಅಂದಾನಪ್ಪ.

"ಟಿವಿ ವೈರು ಕಿತ್ತ ಒಯ್ರಿ" ಎಂದಳು ಬಾಳವ್ವ.

ವಿರೂಪಣ್ಣ ಬಾಯಿ ತೆರೆದು ನಿಂತ. "ಯವ್ವಾ, ಧಾರಾವಾಹಿ ಬಿಟ್ಟ ಹೆಂಗ ಇರ್ತಿ?"

"ಅದನ್ನ ಯಾರ ನೋಡ್ತಿದ್ರೋ? ಹಚ್ಚಿ ಇಡತಿದ್ದೆ ಅಷ್ಟ. ಟಿವಿ ನಡದಿದ್ರ ಈ ಹುಡುಗಿ ನಾ ಅದನ್ನ ನೋಡಾಕತ್ತೀನಿ ಅಂತ ತಿಳಕೊಂತಾಳ. ನನ್ನ ಕಡೆ ಬೆನ್ನ ಮಾಡಿ ಕುಂದರತಾಳ. ಅಕಿ ಹೆಗಲ ಮ್ಯಾಲಿಂದ ನನ್ನ ಮಗ ಕಾಣತಾನ."

ಅಷ್ಟು ಹೇಳಿ ಸೊಸೆಯ ಕಡೆ ತಿರುಗಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಎದೆಯ ಮುಂದೆ ಮುಷ್ಟಿಗೆ ಮುಷ್ಟಿ ಬಡಿದು 'ಕಲ್ಲು' ಎಂದಳು. ಅಂಗೈ ಬಿಡಿಸಿ ಆಡಿಸಿ 'ಅಲ್ಲ' ಎಂದಳು. ಒರಟು ಸನ್ನೆ ಅಲ್ಲ, ಶಾಲೆಯ ಭಾಷೆ. ತಪ್ಪಿಲ್ಲದ ಭಾಷೆ.

ನನ್ನ ದೀಪಗಳೆಲ್ಲ ಒಮ್ಮೆಗೇ ಮಿಣುಕಿದವು. ದಾಕ್ಷಾಯಣಿ ಅತ್ತೆಯ ಕೈಗಳನ್ನೇ ನೋಡಿದಳು. ಉಪ್ಪು, ಗೊರಕೆ, ಇಷ್ಟು ವರ್ಷ ಈ ಕೋಣೆಯಲ್ಲಿ ಆಡಿದ ಒಂದೊಂದು ಮಾತೂ ಅವಳ ಮುಖದ ಮೇಲೆ ಹಾದುಹೋಗುವುದನ್ನು ನಾನು ಕಂಡೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಾಳವ್ವ ಆ ಕೈಗಳನ್ನು ಬಿಡಿಸಿ, 'ಉಪ್ಪು ಖರೆ. ಗೊರಕೆ ಸುಳ್ಳು' ಎಂದಳು.

ಅಂದು ಫೌಂಡ್ರಿಯ ಊಟದ ಬಿಡುವಿನಲ್ಲಿ ಕಾಲ್ ಹೋದಾಗ ಮೊಬೈಲಿನ ಮುಂದೆ ಕುಳಿತವಳು ಬಾಳವ್ವ. ಚನ್ನವೀರ 'ಊಟ ಆಯಿತೇ' ಎಂಬ ಹಳೆಯ ಸನ್ನೆ ಮಾಡಿದ. ಅವಳು ಶಾಲೆಯ ಭಾಷೆಯಲ್ಲಿ ಹುಡುಕಿ ಹುಡುಕಿ ಬೆರಳು ಜೋಡಿಸಿದಳು. 'ನೀನು ಸಣ್ಣವನು. ಶಾಲೆಯ ಗೇಟು. ನಾನು ಬಿಟ್ಟು ಬಂದೆ. ನೀನು ಅಳುತ್ತಿದ್ದೆ. ಭಾನುವಾರ ಬರುತ್ತೇನೆ ಎಂದು ನಿನಗೆ ಹೇಳಬೇಕಿತ್ತು. ನನಗೆ ಭಾನುವಾರ ಎನ್ನಲು ಬರುತ್ತಿರಲಿಲ್ಲ.'

ಚನ್ನವೀರನ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ನೆಟ್ಟು ಹೋಯಿತೇ ಎಂದು ಬಾಳವ್ವ ಗಾಬರಿಯಿಂದ ನನ್ನತ್ತ ನೋಡಿದಳು. ಇಲ್ಲ ತಾಯಿ, ನನ್ನದೇನೂ ತಪ್ಪಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಕೈ ಅಲುಗಿತು. 'ನೀನು ನನ್ನನ್ನು ಯಾರಿಗೋ ಕೊಟ್ಟುಬಿಟ್ಟೆ ಎಂದುಕೊಂಡಿದ್ದೆ' ಎಂದಿತು.

ಬಾಳವ್ವ ಪರದೆಯ ಮೇಲೆ ಅಂಗೈ ಇಟ್ಟಳು. ಆ ಬಿಡುವು ಮುಗಿಯುವವರೆಗೆ ಅದನ್ನು ತೆಗೆಯಲಿಲ್ಲ. ಖಾಲಿ ಚಿತ್ರವನ್ನೇ ಸಾಗಿಸುತ್ತ ಕುಳಿತಿದ್ದೆ. ಅಷ್ಟು ಭಾರದ್ದನ್ನು ನಾನು ಮದುವೆ ಮಂಟಪದಲ್ಲೂ ಹೊತ್ತಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೈ ಬಿಸಿಯಾಗಿ ಮತ್ತೆ ಮತ್ತೆ ಕಣ್ಣು ಮುಚ್ಚುತ್ತಿದ್ದೆನೆಂದು ಬೇರೊಂದನ್ನು ತಂದರು. ಅದು ಬೆಳ್ಳಗಿದೆ, ನಾಲ್ಕು ಕೋಡಿನದು. ನಾನು ಅಟ್ಟದ ಮೇಲೆ, ಜಂಪರಿನ ಚೂರು ಬಟ್ಟೆಗಳ ಗಂಟಿನ ಪಕ್ಕದಲ್ಲಿದ್ದೇನೆ. ವೈರಿಲ್ಲ, ದೀಪವಿಲ್ಲ, ಆದರೂ ಹೇಗೋ ಕಾಣುತ್ತದೆ. ಜೀವಮಾನವೆಲ್ಲ ಕೆಳಗಿನಿಂದ ಮನುಷ್ಯರನ್ನು ನೋಡಿದವನು ಈಗ ಮೇಲಿನಿಂದ ನೋಡುತ್ತಿದ್ದೇನೆ. ಸಾರಿನ ವಿಷಯಕ್ಕೆ ಅತ್ತೆ ಸೊಸೆಗೆ ಇವತ್ತೂ ಜಗಳ ಹತ್ತಿದೆ. ಕೈಗಳು ಬೀಸುತ್ತಿವೆ, ಬೆರಳುಗಳು ಒಂದರ ಮೇಲೊಂದು ಬೀಳುತ್ತಿವೆ, ಒಬ್ಬಳು ಮುಗಿಸುವ ಮೊದಲೇ ಇನ್ನೊಬ್ಬಳು ನಡುವೆ ಕೈ ಹಾಕುತ್ತಿದ್ದಾಳೆ. ಹೊರಗಿನವರು ಯಾರಾದರೂ ಬಾಗಿಲಲ್ಲಿ ನಿಂತರೆ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದುಕೊಳ್ಳುತ್ತಾರೆ.