ಪಂಡಿತನ ಪಕ್ಕದ ಜಾಗ

ಹತ್ತನೇ ತರಗತಿಯಲ್ಲಿ ನಾವು ಇದ್ದದ್ದೇ ಐದು ಜನ. ಒಂದನೇ ತರಗತಿಯಲ್ಲಿ ಹನ್ನೊಂದು ಜನ ಇದ್ದೆವಂತೆ. ಒಬ್ಬಳ ಅಪ್ಪನಿಗೆ ವರ್ಗವಾಯಿತು, ಇನ್ನೊಬ್ಬನ ಮನೆ ಮುಂದೆಯೇ ದೊಡ್ಡ ಶಾಲೆಯ ಬಸ್ಸು ನಿಲ್ಲತೊಡಗಿತು, ಹೀಗೆ ಸೋಸಿ ಸೋಸಿ ಐವರು ಉಳಿದೆವು. ಕೂತರೂ ನಿಂತರೂ ವಾದ ಹೂಡುವ ಲಾಯರ್. ಬೀರುವಿನ ಮೇಲಿನ ನಕ್ಷೆ ಇಳಿಸಲು ಎಲ್ಲ ಟೀಚರ್‌ಗಳೂ ಕರೆಯುತ್ತಿದ್ದ ಏಣಿ. ಊಟದ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಗಂಟೆ ಹೊಡೆಸಿಕೊಳ್ಳುತ್ತಿದ್ದ ಆಮೆ. ಸದಾ ಪುಸ್ತಕಕ್ಕೆ ಮೂಗು ತಾಗಿಸಿ ಕೂರುತ್ತಿದ್ದ ಪಂಡಿತ. ಐದನೆಯವಳು ನಾನು. ನನ್ನ ಬಾಯಿಗೆ ಬೀಗವಿಲ್ಲವೆಂದು ನನಗೆ ರೇಡಿಯೋ ಅಂತ ಹೆಸರಿಟ್ಟವಳು ಲಾಯರ್. ಅದಕ್ಕೆ ನಾನು ಅವಳ ಜಡೆ ಹಿಡಿದು ಎಳೆದಿದ್ದೆ, ಈಗಲೂ ಅದರ ಬಗ್ಗೆ ನನಗೇನೂ ಪಶ್ಚಾತ್ತಾಪವಿಲ್ಲ.

ಫಲಿತಾಂಶ ಬಂದು ಮೂರು ವಾರಕ್ಕೆ ನಮ್ಮ ಬೀಳ್ಕೊಡುಗೆ. ನಾಲ್ವರು ಪಾಸಾಗಿದ್ದೆವು. ಪಂಡಿತ ಗಣಿತದಲ್ಲಿ ನಾಲ್ಕು ಅಂಕಕ್ಕೆ ಫೇಲಾಗಿದ್ದ. ಆ ಮೂರು ವಾರ ಅವನು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಎರಡು ಸಲ ಅವನ ಮನೆಗೆ ಹೋದೆ. ಅವನಮ್ಮ ಹೊಲಿಗೆ ಮೆಷಿನ್‌ನಿಂದ ತಲೆ ಎತ್ತದೆ, "ಮಲಗಿದಾನೆ ಕಣಮ್ಮ" ಅಂದರು. ಸಂಜೆ ನಾಲ್ಕು ಗಂಟೆಗೆ ಯಾವ ಹುಡುಗ ಮಲಗುತ್ತಾನೆ? ಮುಂದಿನ ವಾರ ನಾವು ನಾಲ್ವರೂ ನಾಲ್ಕು ಕಡೆ ಚದುರುವವರಿದ್ದೆವು. ಬೀಳ್ಕೊಡುಗೆಯ ದಿನ ಮಾತಾಡದಿದ್ದರೆ ಆಮೇಲೆ ಇಲ್ಲ. ಅವನಿಗೆ ನನ್ನ ಮೇಲೆ ಕೋಪವೇ ಇಲ್ಲವೇ, ಅಷ್ಟು ನನಗೆ ಗೊತ್ತಾಗಬೇಕಿತ್ತು.

ಕೋಪ ಬರಲು ಕಾರಣವಿತ್ತು. ಪಂಡಿತನಿಗೆ ಬೋರ್ಡು ಕಾಣುತ್ತಿರಲಿಲ್ಲ. ಹತ್ತು ವರ್ಷ ಅದು ಒಬ್ಬ ಟೀಚರ್‌ಗೂ ತಿಳಿಯಲಿಲ್ಲ, ಏಕೆಂದರೆ ಪಕ್ಕದಲ್ಲಿ ನಾನಿದ್ದೆ. ಟೀಚರ್ ಬರೆದದ್ದನ್ನೆಲ್ಲ ನಾನು ಪಿಸುಗುಡುತ್ತಿದ್ದೆ, ಅವನು ಬರೆದುಕೊಳ್ಳುತ್ತಿದ್ದ. ನನಗೆ ಜ್ವರ ಬಂದ ದಿನ ಲಾಯರ್ ಆ ಜಾಗಕ್ಕೆ ಬರುತ್ತಿದ್ದಳು, ಅವಳೂ ಇಲ್ಲದಿದ್ದರೆ ಆಮೆ. ಆಮೆ ಓದಿ ಹೇಳಿದ ದಿನ ಪಂಡಿತನ ನೋಟ್ಸು ಅರ್ಧವೇ ಇರುತ್ತಿತ್ತು. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಒಂದೇ ಮನೆಯಲ್ಲಿ ಬೆಳೆದವರು ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಜಾಸ್ತಿ ಅಂತ ಕೇಳಿಕೊಂಡು ಬಡಿಸುತ್ತಾರೆಯೇ?

ಮನೆಯಲ್ಲೂ ಗೊತ್ತಾಗಲಿಲ್ಲ. ಅವನಮ್ಮನ ಸೂಜಿಗೆ ದಾರ ಪೋಣಿಸುತ್ತಿದ್ದವನು ಅವನೇ, ಅದೂ ಒಂದೇ ಸಲಕ್ಕೆ. ಹತ್ತಿರದ್ದು ಅಷ್ಟು ಚೆನ್ನಾಗಿ ಕಾಣುವ ಮಗನಿಗೆ ದೂರದ್ದು ಕಾಣುವುದಿಲ್ಲವೆಂದು ಯಾವ ತಾಯಿ ನಂಬುತ್ತಾಳೆ?

ಪರೀಕ್ಷೆಗೆ ನಮ್ಮನ್ನು ಪೇಟೆಯ ದೊಡ್ಡ ಶಾಲೆಗೆ ಹಾಕಿದರು. ನಂಬರಿನ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಪಂಡಿತನಿಗೆ ಕೊನೆಯ ಸಾಲು. ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಎರಡು ದೊಡ್ಡ ಲೆಕ್ಕಗಳ ಅಂಕಿಗಳು ತಪ್ಪಾಗಿ ಅಚ್ಚಾಗಿದ್ದವು. ಮೇಲ್ವಿಚಾರಕರು ಸರಿಯಾದದ್ದನ್ನು ಬೋರ್ಡಿನ ಮೇಲೆ ಬರೆದು, "ನೋಡಿ ತಿದ್ಕೊಳ್ಳಿ" ಅಂದು ಕುರ್ಚಿಯಲ್ಲಿ ಕೂತರಂತೆ. ಕಾಣುವುದಿಲ್ಲ ಅಂತ ಇವನು ಹೇಳಲಿಲ್ಲ. ತಪ್ಪು ಅಂಕಿಗಳನ್ನೇ ಇಟ್ಟುಕೊಂಡು ಒಂದೂವರೆ ಗಂಟೆ ಗುದ್ದಾಡಿದ. ಉತ್ತರ ಬರುವುದಾದರೂ ಹೇಗೆ? ಫಲಿತಾಂಶ ಬಂದಮೇಲೆ ಗಣಿತದ ಮೇಷ್ಟ್ರು ಅವನ ಬಾಯಿ ಬಿಡಿಸಿ, ಅವರೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಇಷ್ಟು ದಿನ ಈ ಹುಡುಗ ರಸ್ತೆ ಹೇಗೆ ದಾಟಿದ?" ಅಂದರಂತೆ ಡಾಕ್ಟರು. ಹೇಗೆ ಅಂದರೆ, ನನ್ನ ಚೀಲದ ಪಟ್ಟಿ ಹಿಡಿದುಕೊಂಡು.

ಬೀಳ್ಕೊಡುಗೆಗೆ ನಮ್ಮ ತರಗತಿಯನ್ನೇ ಗುಡಿಸಿ, ಮುಂದೆ ನಾಲ್ಕು ಕುರ್ಚಿ ಹಾಕಿದ್ದರು. ಪಂಡಿತ ಬಂದ. ಆದರೆ ಹಿಂದಿನ ಬೆಂಚಿನಲ್ಲಿ ಒಂಬತ್ತನೆಯವರ ಜೊತೆ ಕೂತ, ಮುಂದಿನ ವರ್ಷ ಅವನ ಜೊತೆಗಾರರು ಅವರೇ ತಾನೆ. ದಪ್ಪ ಗಾಜಿನ ಕನ್ನಡಕ ಹಾಕಿದ್ದ. ಅದರೊಳಗೆ ಅವನ ಕಣ್ಣುಗಳು ಚಿಕ್ಕದಾಗಿ, ಯಾರದೋ ಮನೆಗೆ ಬಂದ ನೆಂಟರ ಹಾಗೆ ಕೂತಿದ್ದವು.

ದೊಡ್ಡ ಟೀಚರ್, ಹತ್ತು ವರ್ಷದಲ್ಲಿ ಮರೆಯದ ಒಂದು ಸಂಗತಿ ಹೇಳಿ ಅಂದರು. ಲಾಯರ್ ತನ್ನ ಬಗ್ಗೆಯೇ ಹೇಳಿಕೊಂಡಳು. ಏಣಿ ಎರಡು ವಾಕ್ಯ ಹೇಳಿ ಬೆವರೊರೆಸಿಕೊಂಡ. ಆಮೆ ನಿಧಾನವಾಗಿ ಎದ್ದು, ಏಳನೇ ತರಗತಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರ ಕಥೆ ಶುರುಮಾಡಿದ.

"ಗೋಡೆಗೆ ಅಕ್ಷರದ ಚಾರ್ಟ್ ನೇತುಹಾಕಿದ್ರು. ನಮಗದು ಪರೀಕ್ಷೆ ಅನ್ನಿಸ್ತು ಟೀಚರ್. ಪರೀಕ್ಷೆ ಅಂದ್ಮೇಲೆ ಪಂಡಿತಂಗೆ ಹೇಳ್ಕೊಡ್ಲೇಬೇಕಲ್ಲ? ನಾನು ಮೊದಲು ಹೋಗಿ ಕೊನೇ ಸಾಲು ಬಾಯಿಪಾಠ ಮಾಡ್ಕೊಂಡು ಬಂದೆ. ಈ ರೇಡಿಯೋ ಅವನ ಹಿಂದೆ ನಿಂತು ಒಂದೊಂದೇ ಅಕ್ಷರ ಊದಿದ್ಲು. ಅವನು ಗಿಣಿ ಥರ ಹೇಳಿಬಿಟ್ಟ. ಆ ಡಾಕ್ಟ್ರು ಏನಂದ್ರು ಗೊತ್ತಾ? ಹದ್ದಿನ ಕಣ್ಣು ಅಂತ ಬೆನ್ನು ತಟ್ಟಿದ್ರು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಆಮೆಗೆ ತಾನು ಏನು ಹೇಳಿದೆ ಅನ್ನುವುದು ಅವನ ವಾಡಿಕೆಯಂತೆ ತಡವಾಗಿ ಹೊಳೆದು, ಮುಖ ಬಿಳಿಚಿಕೊಂಡಿತು. ಗಣಿತದ ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನೇ ಎದ್ದು ನಿಂತೆ.

ಮೂರು ಪುಟದ ಭಾಷಣ ಬರೆದಿದ್ದೆ. ಅದರಲ್ಲಿ ಹಕ್ಕಿಗಳು ಗೂಡು ಬಿಡುವ ವಿಷಯವೆಲ್ಲ ಇತ್ತು. ಅದನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡೆ. "ಆ ದಿನ ನಾನು ಬಾಯಿ ಮುಚ್ಕೊಂಡಿದ್ರೆ ಅವನಿಗೆ ಆವಾಗ್ಲೇ ಕನ್ನಡಕ ಬರ್ತಿತ್ತು. ಇವತ್ತು ಇಲ್ಲಿ ಐದು ಕುರ್ಚಿ ಇರ್ತಿತ್ತು" ಅಂದು ಕೂತುಬಿಟ್ಟೆ. ಕೂತು ಅತ್ತೆ. ಲಾಯರ್ ತನ್ನ ಕರವಸ್ತ್ರ ಕೊಟ್ಟಳು, ಜೀವಮಾನದಲ್ಲಿ ಮೊದಲ ಸಲ ವಾದವಿಲ್ಲದೆ.

ಎಲ್ಲ ಮುಗಿದು ಜನ ಅಂಗಳಕ್ಕೆ ಹೋದ ಮೇಲೂ ಪಂಡಿತ ಹಿಂದಿನ ಬೆಂಚು ಬಿಟ್ಟು ಏಳಲಿಲ್ಲ. ಹೋಗಿ ಅವನ ಪಕ್ಕ ಕೂತೆ. ಅವನು ಸರಿದು ಜಾಗ ಕೊಟ್ಟ, ಅಷ್ಟಕ್ಕೇ ನನಗೆ ಮತ್ತೆ ಅಳು ಬಂತು.

"ಕೋಪಾನೇನೋ?" ಅಂದೆ.

"ಹೂಂ. ನಿನ್ನ ಮೇಲಲ್ಲ."

"ಸುಳ್ಳು ಹೇಳ್ಬೇಡ. ಮನೆಗೆ ಬಂದ್ರೆ ಮಲಗಿದಾನೆ ಅಂತ ಹೇಳಿಸ್ತೀಯ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಾಚಿಕೆ ಆಗಿತ್ತು ಕಣೇ. ಕಣ್ಣು ಕಾಣಲ್ಲ ಅಂತ ನಂಗೆ ಮೂರನೇ ಕ್ಲಾಸಿಂದಾನೇ ಗೊತ್ತಿತ್ತು. ಆ ಡಾಕ್ಟ್ರು ಬಂದ ದಿನ, ಏನೂ ಕಾಣಲ್ಲ ಸಾರ್ ಅಂತ ಹೇಳ್ಬೇಕು ಅಂದ್ಕೊಂಡೇ ಹೋಗಿದ್ದೆ. ಅಷ್ಟರಲ್ಲಿ ನೀನು ಹಿಂದಿಂದ ಶುರು ಮಾಡಿದೆ. ಕನ್ನಡಕ ಬಂದ್ರೆ ನಾಳೆಯಿಂದ ನೀನು ಓದಿ ಹೇಳೋದು ನಿಲ್ಲಿಸ್ತೀಯಲ್ಲ ಅನ್ನಿಸ್ತು. ಅದಕ್ಕೇ ನೀನು ಹೇಳಿದ್ದನ್ನೇ ಹೇಳ್ದೆ."

ಮೂರು ವಾರದಿಂದ ಕ್ಷಮೆ ಕೇಳಲು ಮಾತು ಜೋಡಿಸಿಟ್ಟಿದ್ದವಳು ನಾನು. ಬಾಯಿಗೆ ಬಂದದ್ದು ಬೇರೆಯೇ.

"ಪೆದ್ದ" ಅಂದೆ. "ಕನ್ನಡಕ ಬಂದಿದ್ರೂ ನಾನು ಬಾಯಿ ಮುಚ್ತಿದ್ನೇನೋ?"

"ಈಗ ಗೊತ್ತಾಗ್ತಿದೆ." ಅವನು ಕನ್ನಡಕ ಹಾಕಿಕೊಂಡು ಖಾಲಿ ಬೋರ್ಡಿನ ಕಡೆ ನೋಡಿದ. "ಮೊನ್ನೆಯಿಂದ ಮೇಷ್ಟ್ರು ಇಲ್ಲೇ ಕೂರಿಸ್ಕೊಂಡು ಲೆಕ್ಕ ಹೇಳ್ಕೊಡ್ತಿದಾರೆ. ಎಲ್ಲಾ ಕಾಣುತ್ತೆ ಕಣೇ, ಬೋರ್ಡ್ ಮೇಲಿನ ಬಿರುಕು ಕೂಡ. ಆದ್ರೆ ಈ ಕಿವಿ ಕಡೆ ಖಾಲಿ ಖಾಲಿ ಅನ್ಸುತ್ತೆ."

ಅವನು ಮುಟ್ಟಿ ತೋರಿಸಿದ್ದು ಎಡಗಿವಿ. ಹತ್ತು ವರ್ಷ ನಾನು ಕೂತದ್ದು ಆ ಕಡೆಗೇ.

ಅಂಗಳದಿಂದ ಮೂವರೂ ನನ್ನನ್ನು ಕೂಗುತ್ತಿದ್ದರು, ಫೋಟೋ ತೆಗೆಯುವವನು ಕಾಯುತ್ತಿದ್ದನಂತೆ. ಏನಾದರೂ ಸಮಾಧಾನ ಹೇಳಲೇಬೇಕಿತ್ತು. "ಒಂದು ವರ್ಷ ತಾನೆ? ಬೇಗ ಹೋಗುತ್ತೆ ಬಿಡೋ" ಅಂದೆ.

"ಹತ್ತು ವರ್ಷಾನೇ ಹೋಯ್ತಲ್ಲ" ಅಂದ ಅವನು.

ಹೊರಗೆ ಲಾಯರ್ ನನ್ನ ಹೆಸರನ್ನು ಇನ್ನೂ ಜೋರಾಗಿ ಕೂಗಿದಳು. ಕೇಳಿಸಿತು. ಕೇಳಿಸದವಳ ಹಾಗೆ ಕೂತೇ ಇದ್ದೆ.