ಡಬ್ಬಿಯ ಮೇಲಿನ ಕೆಂಪು ಗೆರೆ

ಬೆಳಗ್ಗೆ ಏಳಕ್ಕೆ ಹೊಲಿಗೆ ಕಾರ್ಖಾನೆಗೆ ಹೊರಡುವಾಗ ಅಕ್ಕ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಓಣಿ ಸರಿಯಿಲ್ಲ, ವಯಸ್ಸಿಗೆ ಬಂದ ತಂಗಿ, ಭಾವನೋ ದೂರದ ರಸ್ತೆ ಕೆಲಸದಿಂದ ತಿಂಗಳಿಗೊಮ್ಮೆ ಬರುವವನು. ಸಂಜೆ ಏಳಕ್ಕೆ ಬೀಗ ತೆಗೆಯುವವರೆಗೆ ಆ ಒಂದೇ ಕೋಣೆಯೊಳಗೆ ತಂಗಿ ಮತ್ತು ಅಕ್ಕನ ಹದಿನಾಲ್ಕು ತಿಂಗಳ ಮಗು. ಅದನ್ನು ನೋಡಿಕೊಳ್ಳಲೆಂದೇ ತಂಗಿ ಶಾಲೆ ಬಿಟ್ಟಿದ್ದಳು.

ಮಗುವಿಗೆ ತಿಂಗಳಿಗೊಂದು ಡಬ್ಬ ಹಾಲಿನ ಪುಡಿ. ಅಕ್ಕ ಅದನ್ನು ತಂದು ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಗೆ ಸುರಿಯುತ್ತಿದ್ದಳು. ಡಬ್ಬಿಯ ಮೈಮೇಲೆ ಉಗುರುಬಣ್ಣದಲ್ಲಿ ಎಳೆದ ಕೆಂಪು ಗೆರೆಗಳು, ವಾರಕ್ಕೊಂದು. ಆ ವಾರ ಮುಗಿಯುವ ಮೊದಲು ಪುಡಿ ಗೆರೆಗಿಂತ ಕೆಳಗೆ ಇಳಿಯಕೂಡದು.

"ಗೆರೆ ದಾಟಿತೋ, ತಿಂಗಳ ಕೊನೇಲಿ ನಿನ್ನನ್ನೇ ಕಲಸಿ ಮಗೂಗೆ ಕುಡಿಸ್ತೀನಿ ನೋಡು" ಎಂದಿದ್ದಳು ಅಕ್ಕ. ತಮಾಷೆಗೇ ಅಂದದ್ದು. ಆದರೆ ತಂಗಿಗೆ ಅಕ್ಕನ ತಮಾಷೆಯೂ ಅಪ್ಪಣೆಯೇ.

ಗೆರೆ ಎಳೆದಾಗ ಮಗುವಿಗೆ ನಾಲ್ಕು ತಿಂಗಳು. ಬಾಟಲಿ ಅಂಗೈಯಷ್ಟಿತ್ತು, ಮೂರು ಚಮಚ ಸಾಕಾಗುತ್ತಿತ್ತು. ಆಮೇಲೆ ಮಗು ಬೆಳೆಯಿತು, ದೊಡ್ಡ ಬಾಟಲಿ ಬಂತು, ಗೆರೆಗಳು ಮಾತ್ರ ಇದ್ದಲ್ಲೇ ಇದ್ದವು. ಇಷ್ಟು ದೊಡ್ಡ ಬಾಟಲಿಗೆ ಆರು ಚಮಚ ಎಂದು ಡಬ್ಬದ ಮೇಲೆ ಬರೆದದ್ದನ್ನು ತಂಗಿ ಓದಿದ್ದಳು. ಹಾಗೆ ಹಾಕಿದ ವಾರ ಗುರುವಾರಕ್ಕೇ ಪುಡಿ ಗೆರೆ ಮುಟ್ಟಿತು. ಹೇಳೋಣವೆಂದರೆ, ಸಂಜೆ ಅಕ್ಕ ಬಂದು ಗೋಡೆಗೊರಗಿ ಕಣ್ಣು ಮುಚ್ಚಿದ ಕೂಡಲೇ ತಂಗಿ ತಟ್ಟೆ ಹಾಕಲು ಏಳುತ್ತಿದ್ದಳು. ತಂಗಿ ಮತ್ತೆ ಮೂರಕ್ಕಿಳಿದಳು. ಮಿಕ್ಕಿದ್ದಕ್ಕೆ ನೀರು. ರಾತ್ರಿಯ ಬಾಟಲಿಯನ್ನೂ ಅವಳೇ ಕಲಸಿಡುತ್ತಿದ್ದಳು. ಹಾಲು ಬೆಳ್ಳಗೇ ಕಾಣುತ್ತಿತ್ತು. ಬೇರೆ ಏನನ್ನು ಹಿಸುಕಿ ಕೊಟ್ಟರೂ ಮಗು ನಾಲಿಗೆಯಿಂದ ಆಚೆ ತಳ್ಳುತ್ತಿತ್ತು.

ಬರಬರುತ್ತ ಅದು ಅಳುವುದನ್ನು ಕಡಿಮೆ ಮಾಡಿತು. ಕೆನ್ನೆ ತುಂಬಿಕೊಂಡಿತು. ಪಕ್ಕದ ಮನೆಯ ಅಜ್ಜಿ ಕಿಟಕಿಯ ಸರಳಿಗೆ ಮುಖ ಒತ್ತಿ, "ಏನೇ ಇದು, ಗುಂಡ ಆಗ್ಬಿಟ್ಟಿದಾನಲ್ಲೇ! ನನಗೂ ಸ್ವಲ್ಪ ಆ ಹಾಲು ಕೊಡೇ ತಾಯಿ, ನಾನೂ ಉಬ್ತೀನಿ" ಎಂದಳು. ಅಂದಿನಿಂದ ಅವನ ಹೆಸರೇ ಗುಂಡ. ಅಕ್ಕ ಹಿಗ್ಗಿ, "ಎಲ್ಲ ನನ್ನ ತಂಗಿ ಕೈಗುಣ" ಎಂದಳು. ಅವಳು ತಂಗಿಯನ್ನು ಹೊಗಳಿದ್ದು ಅದೇ ಮೊದಲು.

ತಂಗಿ ಬೇರೆಯದನ್ನೂ ನೋಡಿದ್ದಳು. ಗುಂಡನ ಕಾಲುಚೀಲ ಬಿಚ್ಚಿದರೆ ಅದರ ಅಂಚಿನ ಗುರುತು ಪಾದದ ಮೇಲೆ ಬಹಳ ಹೊತ್ತು ಹಾಗೇ ಇರುತ್ತಿತ್ತು. ಬಾಚಣಿಗೆಯ ತುಂಬ ಕೂದಲು. ಕರೆದರೂ ಗುಂಡ ತಿರುಗುತ್ತಿರಲಿಲ್ಲ. ಇದ್ಯಾವುದನ್ನೂ ಅವಳು ಅಕ್ಕನಿಗೆ ಹೇಳಲಿಲ್ಲ.

ಚುಚ್ಚುಮದ್ದಿನ ದಿನ ಅಕ್ಕ ಅರ್ಧ ದಿನ ರಜೆ ಹಾಕಿ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಮಕ್ಕಳನ್ನು ತಕ್ಕಡಿಗೆ ತೂಗುಹಾಕುವ ನರ್ಸಿಗೆ ಅಲ್ಲಿ ಎಲ್ಲರೂ ತೂಕದಮ್ಮ ಎನ್ನುತ್ತಿದ್ದರು.

"ನಮ್ಮ ಗುಂಡ ಬಂದ. ತಕ್ಕಡಿ ಜೋಪಾನ ಅಮ್ಮಾ!" ಎಂದಳು ಅಕ್ಕ.

ತೂಕದಮ್ಮ ನಗಲಿಲ್ಲ. ಹೆಬ್ಬೆರಳಿನಿಂದ ಅವನ ಪಾದ ಒತ್ತಿ ಹಿಡಿದು ಬಿಟ್ಟಳು. ಬಿದ್ದ ಗುಳಿ ಹಾಗೇ ಉಳಿಯಿತು.

"ಇದು ಮೈ ತುಂಬಿದ್ದಲ್ಲಮ್ಮ, ಬಾವು. ಕುಡಿಯೋಕೆ ಏನು ಕೊಡ್ತೀರಿ?"

"ಹಾಲಿನ ಪುಡಿ. ಆರು ಚಮಚ, ಡಬ್ಬದ ಮೇಲೆ ಬರೆದಿರೋ ಹಾಗೇ" ಎಂದಳು ಅಕ್ಕ.

"ಅಷ್ಟು ಹೋಗ್ತಿದ್ರೆ ಇದು ಕಿಡ್ನಿ ತೊಂದರೆ ಇರಬೇಕು. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ." ಪೆನ್ನು ತೆಗೆದವಳು ತಡೆದಳು. "ಕಲಸೋದು ಯಾರು? ಒಂದು ಸಲ ನನ್ನೆದುರು ಕಲಸಿ."

ಅಕ್ಕ ಚೀಲದಿಂದ ಡಬ್ಬಿ ತೆಗೆದು ತಂಗಿಯನ್ನು ಮುಂದಕ್ಕೆ ತಳ್ಳಿದಳು.

ಆರು ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದ ಕಾಯಿಲೆ ಹುಡುಕಿಕೊಂಡು ಗುಂಡನನ್ನು ಒಯ್ಯುತ್ತಾರೆ. ಮೂರಕ್ಕೆ ನಿಂತರೆ ಅಕ್ಕ ಮನೆಯೊಳಗೆ ಸೇರಿಸುವುದಿಲ್ಲ. ಅವಳಿಗೆ ಇನ್ನೊಂದು ಮನೆ ಎಲ್ಲಿದೆ? ಒಂದು. ಎರಡು. ಮೂರು. ನಾಲ್ಕನೆಯ ಚಮಚ ತುಂಬಿ ಮೇಲೆ ಬಂದು ಅಲ್ಲೇ ನಿಂತಿತು. ಪಾದದ ಗುಳಿ ಇನ್ನೂ ಮುಚ್ಚಿರಲಿಲ್ಲ.

"ಹಾಕೇ, ಯಾಕೆ ನಿಲ್ಲಿಸಿದೆ?" ಎಂದಳು ಅಕ್ಕ.

ತಂಗಿ ಆ ಚಮಚವನ್ನು ಡಬ್ಬಿಯೊಳಗೇ ಕೊಡವಿದಳು. "ಇಷ್ಟೇ ಅಕ್ಕಾ ಹಾಕೋದು. ಆರು ಹಾಕಿದ್ರೆ ಗೆರೆ ದಾಟುತ್ತೆ."

ಅಕ್ಕ ಹೊಡೆಯಲು ಕೈ ಎತ್ತಿದಳು. ಅಷ್ಟರಲ್ಲಿ ಕಣ್ಣು ಡಬ್ಬಿಯ ಮೇಲೆ ಬಿತ್ತು. ಉಗುರುಬಣ್ಣ ಅವಳದೇ. ಕೈ ತಾನಾಗಿ ಇಳಿಯಿತು.

"ಬರೀ ನೀರು ಕುಡಿದು, ಹೊಟ್ಟೆಗೆ ಸಾಲದೆ ಬಂದ ಬಾವು ಇದು" ಎಂದು ತೂಕದಮ್ಮ ಬೇರೆ ಚೀಟಿ ಬರೆದಳು. ಹಿಂದುಗಡೆಯ ವಾರ್ಡಿನಲ್ಲಿ ಎರಡು ವಾರ, ಜೊತೆಗೊಬ್ಬರು. "ತಾಯಿ ಇದ್ರೆ ಒಳ್ಳೇದು."

"ಎರಡು ವಾರ ಹೋಗದಿದ್ರೆ ನನ್ನ ಮಿಷನ್ ಮುಂದೆ ಬೇರೆಯವಳು ಕೂತಿರ್ತಾಳೆ." ಅಕ್ಕ ತಂಗಿಯ ಮುಖ ನೋಡದೆ ಗುಂಡನನ್ನು ಅವಳ ತೋಳಿಗೆ ಹಾಕಿದಳು. "ನೀನೇ ಇರು. ನಿನ್ನ ಬಿಟ್ರೆ ನನಗೆ ಯಾರಿದ್ದಾರೆ, ಹೇಳು."

ವಾರ್ಡಿನಲ್ಲಿ ತೂಕದಮ್ಮ ಒಂದು ಲೋಟ ಔಷಧಿ ಹಾಲು ಕೊಟ್ಟಳು. "ಎರಡು ಗಂಟೆಗೊಮ್ಮೆ ಇಷ್ಟೂ ಹೊಟ್ಟೆಗೆ ಹೋಗಬೇಕು. ಉಳಿದ್ರೆ ಬಂದು ಹೇಳು. ಚೆಲ್ಲಿಬಿಟ್ಟು ಸುಮ್ನಿರಬೇಡ."

ಗುಂಡ ಎರಡು ಗುಟುಕು ಕುಡಿದು ತುಟಿ ಬಿಗಿದುಕೊಂಡ. ಓಲೈಸಿದರೂ ಬಿಡಲಿಲ್ಲ. ತಂಗಿ ಅವನನ್ನು ಎತ್ತಿಕೊಂಡು, ಲೋಟ ಹಿಡಿದು ಬಾಗಿಲವರೆಗೆ ಹೋದಳು. ಬಾಗಿಲು ತೆರೆದೇ ಇತ್ತು. ರೂಢಿಯಂತೆ ಒಳಗೇ ನಿಂತಳು.

"ಅಮ್ಮಾ" ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು.